ಪೊರೆಯಾಚೆಯ ನೀರು

ವರಾಂಡದಲ್ಲಿ ಮಲಗಿದ್ದ ತಿಪ್ಪಮ್ಮನ ಮಗಳಿಗೆ ಹಾಕಿದ್ದ ಸಲೈನ್ ಬಾಟಲಿಯನ್ನು ಅರ್ಧಕ್ಕೇ ಕಳಚಿ ಪಂಚಾಯ್ತಿ ಛೇರ್ಮನ್ ಷಣ್ಮುಖಪ್ಪನವರ ತಾಯಿಗೆ ಹಾಕಲಾಯಿತು. ಆಸ್ಪತ್ರೆಯಲ್ಲಿ ಉಳಿದಿದ್ದದ್ದು ಅದೊಂದೇ. ಕಳಚಿದವನು ಡಾಕ್ಟರ್ ನಾಗೇಂದ್ರಪ್ಪ.

ಎಂಬತ್ತೆರಡರ ಬೇಸಿಗೆ. ಸೂಳೆಕೆರೆಯ ಅಂಚು ಕೆಸರಾಗಿತ್ತು. ಮೀನು ಹಿಡಿಯುವವರ ಗುಡಿಸಲುಗಳಲ್ಲಿ ವಾಂತಿಭೇದಿ; ತಿಪ್ಪಮ್ಮನ ಮಗಳು ಅಲ್ಲಿಯವಳೇ. ಛೇರ್ಮನ್ನರ ಮುದುಕಿ ತಾಯಿಗೆ ಮಾತ್ರ ಭೇದಿಯಿರಲಿಲ್ಲ. ಕಾಲು ಊದಿದ್ದವು.

"ಇವರ ಮೈಯಲ್ಲಿ ನೀರೇ ಹೆಚ್ಚಾಗಿದೆ. ಮತ್ತೆ ಹಾಕಬಾರದು," ಎಂದಿದ್ದ ನಾಗೇಂದ್ರಪ್ಪ.

"ಸಂತೇಬೆನ್ನೂರಿನ ಬೀಗರು ನೋಡಾಕೆ ಬರ್ತಾರೆ ಡಾಕ್ಟ್ರೇ," ಎಂದಿದ್ದರು ಷಣ್ಮುಖಪ್ಪ. "ಬಾಟ್ಲಿ ಇಲ್ದೆ ಬರೇ ಮಲಗ್ಸಿದ್ರೆ ಮರ್ಯಾದೆ ಏನಾಗ್ಬೇಕು?"

"ವರಾಂಡದ ಹುಡುಗಿಗೆ..."

"ಅದಕ್ಕೆ ಅರ್ಧ ಹೋಗೈತಲ್ರೀ."

"ಕಿಟಕಿ ಕಡೆ ತೂಗ್ಹಾಕಪ್ಪ," ಎಂದಿದ್ದಳು ಮುದುಕಿ. "ಬಂದೋರಿಗೆ ಕಾಣ್ಲಿ."

ಹಾಕಿದ. ಹನಿಯ ವೇಗ ತಗ್ಗಿಸಿದ. ಇದು ತನ್ನ ಪ್ರತಿಭಟನೆ ಎಂದುಕೊಂಡ. ದಾವಣಗೆರೆಯಲ್ಲಿ ಓದುವಾಗ ಕೂಗಿದ ಘೋಷಣೆಗಳೆಲ್ಲ ಇಳಿದಿಳಿದು ಹೆಬ್ಬೆರಳಿನ ಈ ಒಂದು ತಿರುವಿಗೆ ಬಂದು ನಿಂತಿದ್ದವು.

ವರಾಂಡದ ಬಾಗಿಲವರೆಗೆ ಹೋದ. ಮರಳಿದ. ಕೈ ತೊಳೆದ. ಮತ್ತೆ ಹೋದ.

ಹುಡುಗಿಯನ್ನು ಉಳಿಸುವ ದಾರಿ ಇನ್ನೂ ಇತ್ತು. ಬರೀ ನೀರು ಭೇದಿ ಹತ್ತಿದ ಕರುಳಿನಲ್ಲಿ ನಿಲ್ಲುವುದಿಲ್ಲ. ಉಪ್ಪು, ಸಕ್ಕರೆ ಜೊತೆಯಾಗಿ ಬಂದರೆ ಜೀವಕೋಶದ ಪೊರೆ ಒಳಗೆ ಬಿಟ್ಟುಕೊಳ್ಳುತ್ತದೆ. ಅವುಗಳ ಬೆನ್ನಿಗೇ ನೀರೂ ಒಳಸರಿಯುತ್ತದೆ. ಸೊರಗಿದ ಕೋಶಗಳು ತುಂಬಿಕೊಳ್ಳುತ್ತವೆ. ಪೊರೆಗೆ ಛೇರ್ಮನ್ನರ ಗುರುತಿಲ್ಲ. ಆ ಮಟ್ಟಿಗೆ ಅದು ತನಗಿಂತ ಮೇಲು.

ಕುದಿಸಿ ಆರಿಸಿದ ನೀರಿಗೆ ತಾನೇ ಉಪ್ಪು, ಸಕ್ಕರೆ ಅಳೆದು ಕದಡಿ ತಂದ.

"ಚಮಚದಲ್ಲಿ ಕುಡಿಸಮ್ಮ. ಬಾಟಲಿಯಷ್ಟೇ ಗುಣ ಇದಕ್ಕೂ ಇದೆ."

ತಿಪ್ಪಮ್ಮ ಲೋಟದೊಳಗೆ ಇಣುಕಿದಳು.

"ಹಂಗಾರೆ ಇದನ್ನ ಒಳಗಿರೋ ಅಜ್ಜಿಗೆ ಕುಡಿಸ್ರಿ. ನಮ್ಮ ಬಾಟ್ಲಿ ನಮಗೆ ಕೊಡ್ರಿ."

"ಅಜ್ಜಿಗೆ ಅದು ಬೇಕಾಗಿರಲಿಲ್ಲ."

"ಮತ್ಯಾಕೆ ಹಾಕಿದ್ರಿ?"

ಅವನು ಕರುಳಿನ ವಿಷಯ ಹೇಳಿದ. ಉಪ್ಪಿನ ವಿಷಯ ಹೇಳಿದ. ತನ್ನ ದನಿ ಪಾಠ ಒಪ್ಪಿಸುವ ವಿದ್ಯಾರ್ಥಿಯದಂತೆ ಕೇಳಿಸಿತು. ಹೇಳಿದ್ದೆಲ್ಲ ನಿಜ. ಆದರೆ ಬಾಟಲಿಯೇ ದೊಡ್ಡದೆಂದು ಅವಳಿಗೆ ಇವತ್ತು ಕಲಿಸಿದವನು ತಾನೇ.

"ದೊಡ್ಡೋರಿಗೆ ಔಷ್ದಿ, ನಮಗೆ ಪಾನಕ. ಚಲೋ ಐತೆ ಸಾಯೇಬ್ರೆ," ಎಂದಳು. "ಭೇದಿ ಹತ್ತಿದ ಕೂಸಿಗೆ ನೀರು ಹೊಯ್ದು ಇಲ್ಲೇ ಮುಗಿಸ್ಬೇಕಂತ ಮಾಡೀರೇನು?"

"ಕುಡಿಸದಿದ್ದರೆ ಉಳಿಯುವುದಿಲ್ಲ."

"ಕಿತ್ಕಳೋವಾಗ ಗೊತ್ತಿರ್ಲಿಲ್ವಾ?"

ಒಳಗೆ ಬೀಗರು ಬಂದಿದ್ದರು. ಯಾರೋ ಬಾಟಲಿಯನ್ನು ಹೊಗಳಿದರು. ಅವನು ಅತ್ತ ಹೋಗಲಿಲ್ಲ.

ಚಮಚ ತುಂಬಿ ತಾನೇ ಬಗ್ಗಿದ. ಹುಡುಗಿಯ ಕಣ್ಣು ಗುಳಿಬಿದ್ದಿದ್ದವು. ಒಣನಾಲಗೆ ಚಮಚದತ್ತ ಹೊರಚಾಚಿತು. ತಿಪ್ಪಮ್ಮ ಮಗಳ ಬಾಯಿಯ ಮೇಲೆ ಅಂಗೈ ಒತ್ತಿದಳು.

"ಕೈ ತೆಗಿ."

"ತೆಗೆಯಾಕಿಲ್ಲ."

"ತಿಪ್ಪಮ್ಮ, ಕೈ ತೆಗಿ."

ಅವಳು ತೆಗೆಯಲಿಲ್ಲ. ಚಮಚ ವಾಲಿತು. ನೀರು ಅವಳ ಬೆರಳುಗಳ ಮೇಲೆ ಬಿದ್ದು, ಎಲ್ಲಿಯೂ ಸಂದು ಸಿಗದೆ, ಮೊಣಕೈಯತ್ತ ಹರಿಯಿತು. ಅಂಗೈಯಡಿಯಲ್ಲಿ ಹುಡುಗಿಯ ತುಟಿಗಳು ಇನ್ನೂ ಚೀಪುತ್ತಿದ್ದವು.