ಎಡಗಡೆಯ ಸ್ಪ್ರಿಂಗ್

ಅದೇ ಎಣ್ಣೆ ವಾಸನೆ, ಅಪ್ಪನ ಬೆರಳಿನದು, ಈಗ ರಿಪೇರಿ ಅಂಗಡಿಯ ಮೇಜಿನಿಂದ ಬರುತ್ತಿದೆ, ಅಲ್ಲಿ ತಾತನ ಜೋಡುನಳಿಗೆ ಕೋವಿ ಮಲಗಿದೆ, ನಾನು ಸ್ಟೂಲಿನ ತುದಿಯಲ್ಲಿ — ನಲವತ್ತು ದಾಟಿದ ಗಂಡಸು, ಭೂಗೋಳದ ಮೇಷ್ಟ್ರು, ತರಗತಿಯನ್ನೇ ನಡುಗಿಸುವವನು, ಅಂಗೈ ನೋಡಿದರೆ ಒದ್ದೆ. ಪಾಲಿಶ್ ಹೊಡೆದು ಹೊಸದರ ಹಾಗೆ ಮಾಡ್ತೀನಿ ಸಾರ್, ನಿಮ್ಮ ತಾತನೇ ಬಂದ್ರೂ ಗುರುತು ಹಿಡಿಯಲ್ಲ, ಅಂತಾನೆ ಅಂಗಡಿಯವನು, ಹಿಡಿಯದಿದ್ದರೇ ಒಳ್ಳೆಯದಪ್ಪ, ಗೋಡೆಗೆ ಹಾಕೋಣ ಅಪ್ಪಾ ಅಂತ ಮಗಳು ಎರಡು ತಿಂಗಳಿಂದ ಪ್ರಾಣ ತಿಂದಿದ್ದಾಳೆ, ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾಳೆ, ಒಂಬತ್ತು ವರ್ಷ, ನನಗೂ ಆಗ ಒಂಬತ್ತೇ. ಅಪ್ಪ ಕೋವಿ ಒರೆಸಿ, ಒಳಗೆ ಇಣುಕಿ, ಮುಚ್ಚಿ, ಎರಡೂ ಟ್ರಿಗರ್ ಎಳೆಯುತ್ತಿದ್ದ, ಬಲ ಟಕ್, ಎಡ ಟಕ್, ಬಿಗಿದ ಸ್ಪ್ರಿಂಗಿಗೂ ನಿದ್ದೆ ಬೇಕಲ್ವೇನೋ ಅನ್ನುತ್ತಿದ್ದ — ಅವತ್ತು ಯಾರೋ ಬಾಗಿಲಲ್ಲಿ ಕೂಗಿದರು, ಅಪ್ಪ ಎದ್ದು ಹೋದ, ತೋಟಾ ಹೇಗೆ ಕೂರುತ್ತೆ ನೋಡೋಣ ಅಂತ ಪಕ್ಕದಲ್ಲಿ ಕೂತಿದ್ದ ಮಾವ ಎಡಗಡೆಗೆ ಒಂದು ತುರುಕಿ ಮುಚ್ಚಿಟ್ಟ, ಅಪ್ಪ ವಾಪಸ್ ಬಂದ, ಆಗಲೇ ಇಣುಕಿ ನೋಡಿಯಾಗಿದೆ ಅಂದುಕೊಂಡ, ಬಲ ಟಕ್, ಬೀರುವಿನ ಮುಂದೆ ನಿಂತಿದ್ದ ನಾನು ಅಂಗಿಯಿಂದ ಬಿದ್ದ ಗುಂಡಿ ಹೆಕ್ಕಲು ಬಗ್ಗಿದೆ, ಎಡ — ಎದ್ದು ನೋಡಿದರೆ ಬೀರುವಿನ ಬಾಗಿಲಲ್ಲಿ ಹಿಡಿಯಷ್ಟು ತೂತು, ನನ್ನ ಹಣೆ ಇದ್ದ ಜಾಗದಲ್ಲಿ. ಸಂಜೆ ಅಪ್ಪ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ, ಆಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ, ಪ್ರತಿ ಜನವರಿಯಲ್ಲಿ ಹೊಸ ಕ್ಯಾಲೆಂಡರ್ ಬದಲಿಸುವಾಗ ಮಾತ್ರ ತೂತು ಒಂದು ಗಳಿಗೆ ನನ್ನನ್ನು ನೋಡುತ್ತಿತ್ತು.

ಬಲಗಡೆ ಸರಿಯಾಗಿದೆ ಸಾರ್, ಎಡಗಡೆ ಸ್ಪ್ರಿಂಗೇ ಇಲ್ಲ, ಮುರಿದಿದ್ದಲ್ಲ, ಯಾರೋ ನೀಟಾಗಿ ಬಿಚ್ಚಿ ತೆಗೆದುಬಿಟ್ಟಿದ್ದಾರೆ, ಯಾರೋ ಏನು, ಅಪ್ಪ, ಒಂದು ಮಾತೂ ಹೇಳದೆ, ಯಾವ ರಾತ್ರಿ ಕೂತು ಬಿಚ್ಚಿದೆಯಪ್ಪಾ — ಹೊಸದು ಹಾಕಿಬಿಡ್ಲಾ ಸಾರ್, ಹಾಕಿದ್ರೆ ಎರಡೂ ಕೆಲಸ ಮಾಡುತ್ತೆ, ತೂಕ ನೋಡಿ ಬೇಕಾದ್ರೆ, ಅಂತ ಕೋವಿಯನ್ನು ನನ್ನ ತೊಡೆಯ ಮೇಲಿಟ್ಟ, ತಣ್ಣಗೆ, ಬಟ್ಟೆ ಕೊಟ್ಟ, ಒರೆಸಿದೆ, ತೆರೆದೆ, ಮುಚ್ಚಿದೆ, ಹೂಂ ಅಂದರೆ ಮಗಳಿಗೆ ಖುಷಿ, ಬೇಡ ಅಂದರೆ ಯಾಕೆ ಅಂತ ಕೇಳುತ್ತಾಳೆ, ಏನಂತ ಹೇಳಲಿ, ಭಯ ಅಂತಲಾ, ಅಪ್ಪಾ ಆಯ್ತಾ, ಬಾಗಿಲಲ್ಲಿ ಅವಳು, ಟಕ್, ಯಾರದು ಸದ್ದು, ಬೆರಳು ನನ್ನದು, ಆಗಲೇ ಎಡಗಡೆಯದನ್ನೂ ಪೂರ್ತಿ ಎಳೆದುಬಿಟ್ಟಿದೆ, ಸ್ಪ್ರಿಂಗಿಲ್ಲ, ಸದ್ದಿಲ್ಲ, ನಳಿಗೆ ಬಾಗಿಲ ಕಡೆಗೆ, ನಾನು ಒಳಗೆ ಇಣುಕಿದ್ದೆನಾ, ತೆರೆದೆ, ಮುಚ್ಚಿದೆ, ಇಣುಕಿದ್ದೆನಾ, ಹಾಕ್ಲಾ ಬೇಡ್ವಾ ಹೇಳಿ ಸಾರ್, ಬೇಡ, ಬೇಡ — ಅಪ್ಪಾ ಯಾಕೆ ಹಾಗೆ ನೋಡ್ತೀಯಾ, ಅವಳ ಹಣೆ, ಅವಳ ಹಿಂದೆ ಬೀರುವಿನ ಬಾಗಿಲು, ಇಲ್ಲಿ ಬೀರು ಎಲ್ಲಿದೆ, ಕ್ಯಾಲೆಂಡರ್ ಸರಿಯುತ್ತಿದೆ, ತೂತು, ಅವಳ ಹಣೆಯ ಎತ್ತರಕ್ಕೆ, ತೂತು