ನೋಯದ ಕಣ್ಣು

ಅಕ್ಕನ ಕಾಯಿಲೆ ಮನೆಯನ್ನೆಲ್ಲ ಎಬ್ಬಿಸಿಕೊಂಡು ಬಂದಿತ್ತು. ಕಣ್ಣು ಕೆಂಡದಂತೆ ಕೆಂಪಾಗಿ, ತಲೆ ಸಿಡಿದು, ವಾಂತಿಯಾಗಿ, ದೀಪದ ಸುತ್ತ ಬಣ್ಣದ ಬಳೆಗಳು ಕಂಡಾಗ ತಂಗಿಯೇ ಅವಳನ್ನು ಆಸ್ಪತ್ರೆಗೆ ಎಳೆದೊಯ್ದಳು. ಗ್ಲಾಕೋಮಾ, ಕಣ್ಣೊಳಗಿನ ನೀರು ಹೊರಹೋಗುವ ದಾರಿ ತಟ್ಟನೆ ಮುಚ್ಚಿ ಒತ್ತಡ ಏರಿದೆ ಎಂದರು ಡಾಕ್ಟರಮ್ಮ. ಬೇಗ ಬಂದಿದ್ದರಿಂದ ಕಣ್ಣು ಉಳಿಯಿತು. "ಇದು ರಕ್ತಸಂಬಂಧದಲ್ಲೂ ಬರಬಹುದು, ತಂಗೀನೂ ಒಮ್ಮೆ ತೋರಿಸ್ಲಿ" ಎಂದೂ ಹೇಳಿದರು.

ಒಂದು ಸಲ ನರಳಿದವರು ಅರ್ಧ ವೈದ್ಯರಾಗಿಬಿಡುತ್ತಾರೆ, ಅಕ್ಕನೂ ಆದಳು. ಇಬ್ಬರದೂ ಒಂದೇ ಹೊಲಿಗೆ ಅಂಗಡಿ, ಎದುರುಬದುರು ಯಂತ್ರ. ತಂಗಿಯನ್ನು ಅಕ್ಕ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ದಿನಾ ಬೆಳಿಗ್ಗೆ ವಿಚಾರಣೆ.

"ಕಣ್ಣು ನೋಯುತ್ತೇನೇ?"

"ಇಲ್ಲಕ್ಕ."

"ಬಲ್ಬಿನ ಸುತ್ತ ಬಣ್ಣ?"

"ಅದೂ ಇಲ್ಲ. ಇದ್ದಿದ್ರೆ ಬಟ್ಟೆಗೆ ಮ್ಯಾಚ್ ಮಾಡ್ಕೋತಿದ್ದೆ."

"ಹಾಗಾದ್ರೆ ಆಸ್ಪತ್ರೆ ಯಾಕೆ ಸುಮ್ನೆ. ಏನಾದ್ರೂ ಆದ್ರೆ ನಾನಿದೀನಲ್ಲ."

ತಂಗಿಯ ಹೊಲಿಗೆ ಗೆರೆ ಎಳೆದಂತೆ ನೇರ. ಪಕ್ಕದಲ್ಲಿಟ್ಟ ಕತ್ತರಿಗೆ ಮಾತ್ರ ತಡಕಾಡುತ್ತಿದ್ದಳು, ಬಾಗಿಲಲ್ಲಿ ಗಿರಾಕಿಗಳಿಗೆ ಡಿಕ್ಕಿ ಹೊಡೆಯುತ್ತಿದ್ದಳು. "ಯಾವ ಲೋಕದಲ್ಲಿರ್ತೀಯೇ?" ಎಂದು ಅಕ್ಕ ರೇಗಿಸಿದರೆ ಇಬ್ಬರೂ ನಗುತ್ತಿದ್ದರು.

ಮೆಟ್ಟಿಲ ಅಂಚು ಕಾಣದೆ ತಂಗಿ ಬಿದ್ದು ಹಣೆ ಒಡೆದುಕೊಂಡ ಮೇಲೆ ಮತ್ತೆ ಅದೇ ಡಾಕ್ಟರಮ್ಮನ ಮುಂದೆ ಕೂತರು. ಇದೂ ಗ್ಲಾಕೋಮಾವೇ, ಆದರೆ ಬೇರೆ ಬಗೆ. ನೋವಿಲ್ಲ, ಕೆಂಪಿಲ್ಲ, ಅಂಚಿನಿಂದ ನೋಟವನ್ನು ತಿನ್ನುತ್ತ ಬಂದು ನಡುವಿನದನ್ನು ಕೊನೆಗೆ ಮುಟ್ಟುತ್ತದೆ. ಕಣ್ಣಿನ ನರ ಬಹುಪಾಲು ಹಾಳಾಗಿತ್ತು.

"ಹೋದದ್ದು ಬರಲ್ಲ. ಉಳಿದದ್ದನ್ನ ಕಾಯೋಕೆ ಹನಿ ಹಾಕೋಣ. ಆಗಲೇ ಬಂದಿದ್ರೆ" ಎಂದವರು ಅಕ್ಕನ ಮುಖ ನೋಡಿ ಮಾತು ನಿಲ್ಲಿಸಿದರು.

ಅಂಗಡಿಗೆ ಮರಳಿ ತಂಗಿ ಯಂತ್ರದ ಮೇಲೆ ಬಗ್ಗಿ, ತಾನೇ ಸಮಾಧಾನ ಹೇಳತೊಡಗಿದಳು. "ನೀನೇನು ಮಾಡ್ತೀಯಕ್ಕ? ನೀನು ಕೇಳಿದ್ದು ಯಾವುದೂ ನಂಗಿರಲಿಲ್ಲ."

ಆ ಮಾತು ಎದುರಿಗೆ ಕೂತು ಕೇಳಲಾಗದೆ ಅಕ್ಕ ಸದ್ದಿಲ್ಲದೆ ಎದ್ದು ಬಂದು ಅವಳ ಪಕ್ಕದ ಸ್ಟೂಲಿನ ಮೇಲೆ ಕೂತಳು. ತಂಗಿ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿ, "ನೋಡು, ಇದಿನ್ನೂ ಕಾಣುತ್ತೆ" ಎಂದು ಎದುರಿನ ಯಂತ್ರದ ಕಡೆ ಹಿಡಿದಳು. ಅಲ್ಲಿ ಖಾಲಿ ಕುರ್ಚಿ.

"ಅಕ್ಕ, ಎಲ್ಲಿ ಹೋದೆ?"

ಅಕ್ಕ ಅವಳ ಪಕ್ಕದಲ್ಲೇ, ಮೊಣಕೈ ತಾಗುವಷ್ಟು ಹತ್ತಿರ ಕೂತು, ಸೆರಗು ಬಾಯಿಗೊತ್ತಿ ಅಳುತ್ತಿದ್ದಳು.