ಕೊನೆಯ ಕಿಂಡಿ

ಮಳೆಗಾಲದ ಬೆಳೆಯಾದ ಕಾರ್ತಿಯ ಪೈರು ಕೊಯ್ದು ಮುಗಿದಿತ್ತು. ಉದ್ದು ಬಿತ್ತುವ ಮೊದಲು ಮಾಡಬೇಕಾದ ಕೆಲಸವೊಂದು ಉಳಿದಿತ್ತು, ಹೊಳೆಯ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು. ಮಳೆಗಾಲವಿಡೀ ಕಂಬಗಳ ನಡುವಿನ ಕಿಂಡಿಗಳು ತೆರೆದೇ ಇರುತ್ತವೆ. ಮಳೆ ನಿಂತು ಹೊಳೆಯ ಸೆಳೆತ ಕಡಿಮೆಯಾಯಿತೆಂದರೆ, ಭರತ, ಅಂದರೆ ಕಡಲಿನ ಉಬ್ಬರ, ಬಂದಾಗಲೆಲ್ಲ ಉಪ್ಪುನೀರು ಶಂಕರಪುರದ ಗದ್ದೆ ಬುಡದವರೆಗೂ ಏರಿ ಬರುತ್ತದೆ. ಅದನ್ನು ತಡೆಯಲು ಪ್ರತಿ ಕಿಂಡಿಗೂ ಎರಡು ಸಾಲು ಹಲಗೆ ಇಳಿಸಿ, ನಡುವೆ ಜೇಡಿಮಣ್ಣು ತುಳಿದು ತುಂಬಬೇಕು.

ಹುಣ್ಣಿಮೆ ಕಳೆದ ಶನಿವಾರ ಬೆಳಿಗ್ಗೆ ಇಳಿತ ನೋಡಿಕೊಂಡು ಹೆಂಗಸರು ಹೊಳೆಗೆ ಇಳಿದಿದ್ದರು. ಮುಂದೆ ನಿಂತವಳು ಇಮೆಲ್ಡಾ. ಹಿಂದಿನ ವರ್ಷ ಗುತ್ತಿಗೆದಾರ ಇವತ್ತು ನಾಳೆ ಎನ್ನುತ್ತ ತಡಮಾಡಿದ್ದರಿಂದ ಅವಳ ಬಾವಿ ಉಪ್ಪಾಗಿ, ಅಂಗಳದ ಮಲ್ಲಿಗೆ ಗಿಡಗಳಲ್ಲಿ ಅರ್ಧ ಒಣಗಿಹೋಗಿದ್ದವು. ಈ ವರ್ಷ ಅವಳು ಕೇರಿಯ ಹೆಂಗಸರನ್ನು ಕರೆದುಕೊಂಡು ಹೋಗಿ ಪಂಚಾಯತಿನ ಜಗಲಿಯಲ್ಲಿ ಕೂತಿದ್ದಳು. ಹಲಗೆ ಕೊಡುವವರೆಗೆ ಏಳಲಿಲ್ಲ. ಹೂ ಕಟ್ಟುವ ಕೆಲಸವನ್ನೂ ಅಲ್ಲಿಗೇ ಒಯ್ದಿದ್ದರು.

ಅದನ್ನು ಕೇಳಿಯೇ ಪ್ರಫುಲ್ಲಾ ಟೀಚರ್ ತಮ್ಮ ನಾಲ್ಕನೇ ತರಗತಿಯನ್ನು ಹೊಳೆಗೆ ಕರೆತಂದದ್ದು. ವಾರವಿಡೀ ಅವರು ಮಕ್ಕಳಿಗೆ ನೆಲ, ನೀರು, ಗಾಳಿಗಾಗಿ ನಿಂತ ಹೆಂಗಸರ ಕಥೆ ಹೇಳಿದ್ದರು. ಮರ ತಬ್ಬಿ ನಿಂತವರು, ಹೊಳೆಗೆ ದೊಡ್ಡ ಗೋಡೆ ಬೇಡವೆಂದು ಕುತ್ತಿಗೆವರೆಗಿನ ನೀರಿನಲ್ಲಿ ನಿಂತವರು, ಕಡಲು ಬಿಸಿಯಾಗುತ್ತಿದೆ ಎಂದು ಶಾಲೆ ಬಿಟ್ಟು ಬೀದಿಗೆ ಬಂದ ಹುಡುಗಿಯರು. "ದೊಡ್ಡವರು ಗದರಿಸಿದರೂ ಅವರು ಏಳಲಿಲ್ಲ" ಎಂದಿದ್ದರು. ಮಕ್ಕಳಿಗೆ ಅದೇ ಮಾತು ಬಹಳ ಇಷ್ಟವಾಗಿತ್ತು.

ಒಂದು ಕಿಂಡಿ ಬಿಟ್ಟು ಉಳಿದವೆಲ್ಲ ಮುಚ್ಚಿದ್ದವು. ಹೆಂಗಸರಲ್ಲಿ ಒಬ್ಬಳಾದ ವಾರಿಜಾ ಕೊನೆಯದರ ಹಲಗೆಗೆ ಕೈ ಹಾಕಿದಳು. ಎತ್ತಲು ಆಗಲಿಲ್ಲ. ಅದರ ಮೇಲೆ ಟೀಚರ್ ಕರೆತಂದ ಮಕ್ಕಳಲ್ಲೊಬ್ಬಳು, ಚೈತಾಲಿ, ಕೂತಿದ್ದಳು.

"ಏಳು ಮಗಾ, ಭರತ ಬರ್ತದೆ."

"ಏಳುವುದಿಲ್ಲ. ಮೀನು ಎಲ್ಲಿಂದ ಹೋಗುವುದು?"

"ಯಾವ ಮೀನು?"

"ಮಳೆಗಾಲದಲ್ಲಿ ಹೊಳೆಯ ಮೇಲಕ್ಕೆ ಹೋದ ಕಾಣೆ ಮೀನು. ಅದಕ್ಕೆ ವಾಪಸ್ ಕಡಲಿಗೆ ಹೋಗಬೇಡವಾ? ನೀವು ಗೋಡೆ ಕಟ್ಟಿದರೆ?" ಚೈತಾಲಿಯ ಅಪ್ಪ ಕಾಪುವಿನಿಂದ ದೋಣಿಗೆ ಹೋಗುವವನು. ಮೀನಿನ ದಾರಿ ಅವಳಿಗೆ ಮನೆಮಾತು.

ಹೆಂಗಸರು ನಕ್ಕರು. ಅಷ್ಟರಲ್ಲಿ ಇನ್ನಿಬ್ಬರು ಮಕ್ಕಳು ಅವಳ ಪಕ್ಕ ಕೂತರು. ಇಮೆಲ್ಡಾಳ ಮೊಮ್ಮಗಳು ಫಿಯೋನಾ ಅಜ್ಜಿಯ ಮುಖ ನೋಡಿದಳು, ಚೈತಾಲಿಯ ಮುಖ ನೋಡಿದಳು, ಆಮೇಲೆ ಹಲಗೆಯ ತುದಿಯಲ್ಲಿ ಕೂತಳು.

"ನೀನೂ ಸಹ!" ಇಮೆಲ್ಡಾ ಸೊಂಟಕ್ಕೆ ಕೈ ಕೊಟ್ಟಳು. "ಮಧ್ಯಾಹ್ನ ಊಟಕ್ಕೆ ಬರ್ತೀಯಲ್ವಾ, ನೋಡುವ!"

"ಟೀಚರ್, ಎಂತ ಕಲಿಸಿದ್ದು ಮಾರಾಯ್ರೆ ಇವಕ್ಕೆ?" ಎಂದಳು ವಾರಿಜಾ.

ಪ್ರಫುಲ್ಲಾ ಮಕ್ಕಳ ಕಡೆ ಎರಡು ಹೆಜ್ಜೆ ಇಟ್ಟು ನಿಂತರು. ಏಳಿ ಎಂದು ಒಂದು ಸಲ ಗದರಿಸಿದರೆ ಸಾಕು, ಮಕ್ಕಳು ಏಳುತ್ತಾರೆ. ಆದರೆ ವಾರವಿಡೀ ಹೇಳಿದ್ದೆಲ್ಲ ಅಲ್ಲಿಗೆ ನೀರುಪಾಲು. ಗದರಿಸದಿದ್ದರೆ ಈ ಹೆಂಗಸರ ಬಾವಿ ಉಪ್ಪಾಗುತ್ತದೆ. ಕೆಳಗಡೆ ಇಳಿತ ಮುಗಿದು ಹೊಳೆ ಆಗಲೇ ನಿಂತ ಹಾಗಿತ್ತು, ಇನ್ನು ಭರತಕ್ಕೆ ತಿರುಗುವುದೊಂದು ಬಾಕಿ.

ಇಮೆಲ್ಡಾ ಕೆಸರು ಕಾಲಿನಲ್ಲೇ ಬಂದು ಚೈತಾಲಿಯ ಪಕ್ಕ ಹಲಗೆಯ ಮೇಲೆ ಕೂತಳು.

"ನಾನು ಸಹ ಕೂತವಳೇ. ಇದೇ ಹಲಗೆಗೋಸ್ಕರ."

"ಗೊತ್ತುಂಟು. ಟೀಚರ್ ಹೇಳಿದ್ದಾರೆ."

"ಮತ್ತೆ? ನನ್ನ ಮಲ್ಲಿಗೆ ಸಾಯಬೇಕಾ?"

ಚೈತಾಲಿ ಯೋಚಿಸಿದಳು. "ಬೇಡ. ಮೀನೂ ಸಾಯಬಾರದು."

"ಕಾಣೆ ಮೀನು ನಿನಗೆ ತಿನ್ನಲಿಕ್ಕೆ ಆಗುವುದಿಲ್ಲವಾ?"

"ಆಗ್ತದೆ. ಅಪ್ಪ ಹಿಡಿದು ತಂದರೆ ತಿನ್ತೇನೆ. ಸುಮ್ಮನೆ ಸಿಕ್ಕಿ ಸಾಯುವುದು ಬೇರೆ ಅಲ್ವಾ, ಬಾಯಮ್ಮ?"

ಇಮೆಲ್ಡಾ ತೆರೆದಿದ್ದ ಆ ಕೊನೆಯ ಕಿಂಡಿಯನ್ನು ಅಳೆಯುವಂತೆ ನೋಡಿದಳು. ವಾರಿಜಾ ನೀರಿನ ಕಡೆ ನೋಡುತ್ತ "ಇಮೆಲ್ಡಾ ಬಾಯಿ, ಹೊತ್ತಾಯ್ತು" ಎಂದಳು.

ಇಮೆಲ್ಡಾ ಹೇಳಿದಳು, "ಈ ಕಿಂಡಿಗೆ ಮಣ್ಣು ತುಂಬುವುದು ಬೇಡ. ಒಂದೇ ಸಾಲು ಹಾಕುವ, ಒತ್ತಾಗಿ. ಅಮಾವಾಸ್ಯೆಯ ಸಂಜೆ ಇಳಿತ ಚೆನ್ನಾಗಿರ್ತದೆ. ಆಗ ಮೇಲಿನ ಎರಡು ಹಲಗೆ ಎತ್ತಿಬಿಟ್ಟರೆ ಮೀನು ಹೋಗ್ತದೆ."

"ಮರುಳಾ ನಿಮಗೆ? ಕುಡಿಯುವ ಸೀ ನೀರು ಸಹ ಹೋಗ್ತದೆ! ಒಂದು ಸಾಲು ಅಂದ್ರೆ ಸೋರ್ತದೆ, ದಿನಾ ಸಂದಿಗೆ ಹುಲ್ಲು ಗಿಡಿಯುವುದು ಯಾರು?"

"ನಾನು. ಮೀನಿಗೆ ಇಷ್ಟು ನೀರು ಕೊಟ್ಟರೆ ನಾವೇನು ಬಾಯಾರಿ ಸಾಯುವುದಿಲ್ಲ." ಇಮೆಲ್ಡಾ ಚೈತಾಲಿಯ ಕಡೆ ತಿರುಗಿದಳು. "ಆಗಬಹುದಾ?"

"ನೀವು ಮರೆತರೆ?"

"ಮರೆತರೆ ಬಂದು ನನ್ನ ಜಗಲಿಯಲ್ಲಿ ಕೂತುಕೋ."

ಚೈತಾಲಿ ಎದ್ದಳು. ಅವಳು ಎದ್ದ ಮೇಲೆ ಉಳಿದವರು ಎದ್ದರು. ಕೊನೆಯ ಹಲಗೆ ಕಿಂಡಿಯಲ್ಲಿ ಕೂರುವಾಗ ಕೆಳಗಿನ ನೀರಿನಲ್ಲಿ ತೇಲುತ್ತಿದ್ದ ಎಲೆಗಳು ನಿಧಾನವಾಗಿ ಕಡಲ ಕಡೆಯಿಂದ ಮೇಲ್ಮುಖವಾಗಿ ಹೊರಟಿದ್ದವು. ಪ್ರಫುಲ್ಲಾ ಸೆರಗಿನಿಂದ ಮುಖ ಒರೆಸಿಕೊಂಡರು.

ಇಮೆಲ್ಡಾ ದಿನವೂ ಬೆಳಿಗ್ಗೆ ಹೂ ಕೊಯ್ದ ಮೇಲೆ ಹೊಳೆಗೆ ಹೋಗಿ, ಸೋರುವ ಸಂದಿಗಳಿಗೆ ಹುಲ್ಲು ಗಿಡಿದು ಬರುತ್ತಿದ್ದಳು. ವಾರಿಜಾ ಬೈಯುತ್ತಲೇ ಎರಡು ಸಲ ಜೊತೆಗೆ ಹೋದಳು. ಬಾವಿಯ ನೀರು ಉಪ್ಪಾಗದೆ ಸೀಯಾಗಿಯೇ ಇತ್ತು.

ಅಮಾವಾಸ್ಯೆಯ ದಿನ ಶಾಲೆ ಬಿಡುವ ಹೊತ್ತಿಗೆ ಇಮೆಲ್ಡಾ ಗೇಟಿನ ಹತ್ತಿರ ಬಂದು ನಿಂತಳು. "ಟೀಚರ್, ಆ ಹುಡುಗಿಯನ್ನು ಕಳಿಸಿ. ಅವಳಿಗೆ ಒಂದು ಬಾಕಿ ಕೊಡಲಿಕ್ಕುಂಟು."

ಕಳಿಸುವುದೆಲ್ಲಿ, ಇಡೀ ತರಗತಿಯೇ ಹೊರಟಿತು. ಹಿಂದಿನಿಂದ ಚಪ್ಪಲಿ ಕೈಯಲ್ಲಿ ಹಿಡಿದು ಟೀಚರೂ ಬಂದರು.

ಎರಡು ಹಲಗೆ ಎತ್ತಿದಾಗ ಮೊದಲು ಬಂದದ್ದು ಬರೀ ನೀರು, ಕಸ, ಒಂದು ತೆಂಗಿನ ಮಟ್ಟೆ. ಮಕ್ಕಳು ಬಗ್ಗಿ ನೋಡುತ್ತ ಕಾದರು. ಫಿಯೋನಾ "ಮೀನೇ ಇಲ್ಲ" ಎನ್ನುವಷ್ಟರಲ್ಲಿ ನೀರಿನ ಬಾಗಿದ ಮೈಯಲ್ಲಿ ಏನೋ ಹೊಳೆದು ಜಾರಿತು. ಮತ್ತೊಂದು. ಆಮೇಲೆ ಎಣಿಸಲಾಗದಷ್ಟು ಮರಿಗಳು, ನಡುವೆ ಗೇಣುದ್ದದ ಒಂದೆರಡು.

"ಅಯ್ಯೋ ದೇವಾ, ಕಾಣೆ!" ಎಂದಳು ವಾರಿಜಾ. "ಬುಟ್ಟಿ ಸಹ ತರಲಿಲ್ಲವಲ್ಲ ನಾವು!"

"ಬಾಯಿ ಮುಚ್ಚು" ಎಂದು ಇಮೆಲ್ಡಾ ನಕ್ಕಳು.

ಬೆಳಕು ಇಳಿಯುತ್ತಿತ್ತು. ಚೈತಾಲಿ ಕಣ್ಣು ಕೀಳದೆ ಕೇಳಿದಳು, "ಹುಣ್ಣಿಮೆಗೂ ತೆಗಿತೀರಾ?"

"ಅದು ಆಗ ಮಾತಾಡುವ. ಇವತ್ತಿನದ್ದು ತೀರಿತಲ್ಲ?"

"ತೀರಿತು."

ನೀರು ಮತ್ತೆ ತಿರುಗುವ ಮೊದಲು ಹಲಗೆ ಹಾಕಬೇಕಿತ್ತು. ನೆನೆದ ಹಲಗೆ ಭಾರವಾಗಿತ್ತು. ಇಮೆಲ್ಡಾ ಒಂದು ತುದಿ ಎತ್ತಿ ನಿಂತಳು. ಯಾರೂ ಹೇಳದೆಯೇ ಚೈತಾಲಿ ಲಂಗ ಎತ್ತಿ ಕಟ್ಟಿ, ಇನ್ನೊಂದು ತುದಿ ಹಿಡಿದಳು.